ಕಂಡುಬಂದಿಲ್ಲ

ಆ ದಿನ ಬೆಳಿಗ್ಗೆ ಬಸ್ಸು ಹತ್ತಿದಾಗಿನಿಂದ ಅವಳಿಗೆ ಏನನ್ನೋ ಮನೆಯಲ್ಲಿ ಮರೆತು ಬಂದಿದ್ದೇನೆ ಅನ್ನಿಸುತ್ತಿತ್ತು. ಚೀಲದೊಳಗೆ ಕೈಯಾಡಿಸಿದಳು. ಕನ್ನಡಕ ಇತ್ತು, ದಾಖಲೆ ಕೊಠಡಿಯ ಬೀಗದ ಕೈ ಇತ್ತು, ಊಟದ ಡಬ್ಬಿ ತೊಡೆಯ ಮೇಲೆ ಬೆಚ್ಚಗೆ ಕೂತಿತ್ತು. ಮರೆತದ್ದು ವಸ್ತುವಲ್ಲ ಎಂದು ಎರಡು ನಿಲ್ದಾಣ ದಾಟಿದ ಮೇಲೆ ಹೊಳೆಯಿತು. ಹೊರಡುವಾಗ ಅಕ್ಕ, "ಪುಟ್ಟೀ, ಸಂಜೆ ಬೇಗ ಬರ್ತೀಯಾ?" ಎಂದು ಕೇಳಿದ್ದಳು. ಚಪ್ಪಲಿ ಮೆಟ್ಟುತ್ತ ಇವಳು "ಯಾಕೆ?" ಅಂದಿದ್ದಳು. "ಏನಿಲ್ಲ, ಸುಮ್ಮನೆ" ಎಂದು ಅಕ್ಕ ಒಳಗೆ ಹೋಗಿದ್ದಳು. ನಡೆದದ್ದು ಅಷ್ಟೇ. ಆದರೆ ಆ "ಯಾಕೆ" ಬಾಯಿಂದ ಬಂದದ್ದು ಕಚೇರಿಯ ಕಿಟಕಿಯಲ್ಲಿ ಅರ್ಜಿದಾರರನ್ನು ಕೇಳುವ ದನಿಯಲ್ಲೇ. ಐವತ್ತೆರಡು ವರ್ಷದ ಹೆಂಗಸನ್ನು ಪುಟ್ಟಿ ಎಂದು ಕರೆಯುವವರು ಲೋಕದಲ್ಲಿ ಒಬ್ಬರೇ ಉಳಿದಿದ್ದಾರೆ. ಆ ಒಬ್ಬಳೂ ಮಾತನ್ನು ಅರ್ಧಕ್ಕೆ ನುಂಗಿಕೊಂಡು ಒಳಗೆ ಹೋಗುವಂತೆ ಮಾಡುವವಳು ತಾನು ಯಾವಾಗ ಆದೆ ಎಂದು ಯೋಚಿಸುತ್ತ ಹೊರಗೆ ನೋಡಿದಳು. ಯಾರೋ ಅಂಗಡಿಯ ಶಟರು ಎತ್ತುತ್ತಿದ್ದರು. ಅದು ನಡುವೆ ಸಿಕ್ಕಿಹಾಕಿಕೊಂಡಿತು. ಆತ ಒಂದು ಸಲ ಒದ್ದು ನೋಡಿ, ಬಗ್ಗಿ ಕೆಳಗಿನಿಂದಲೇ ಒಳಗೆ ನುಸುಳಿದ.

ಅವಳು ಇದ್ದುದು ಸರ್ಕಾರಿ ನೌಕರರ ಸೇವಾ ದಾಖಲೆಗಳನ್ನು ಇಡುವ ಕಚೇರಿಯಲ್ಲಿ, ಪರಿಶೀಲನಾ ವಿಭಾಗದ ಮುಖ್ಯಸ್ಥೆಯಾಗಿ. ಮುಖ್ಯಸ್ಥೆ ಎಂದರೆ ಅವಳ ಕೈಕೆಳಗೆ ಇದ್ದವನು ಒಬ್ಬ ಟೈಪಿಸ್ಟು ಮಾತ್ರ. ಇಂಥವರು ತಾವು ಸರ್ಕಾರಿ ನೌಕರರು ಎಂದು ಹೇಳಿಕೊಳ್ಳುತ್ತಿದ್ದಾರೆ, ನಿಜವೇ ಎಂದು ಕೇಳುವ ಪತ್ರಗಳು ಅಲ್ಲಿಗೆ ಬರುತ್ತಿದ್ದವು. ನ್ಯಾಯಾಲಯ ಕೇಳುತ್ತಿತ್ತು, ಬ್ಯಾಂಕು ಕೇಳುತ್ತಿತ್ತು, ಮನೆ ಬಾಡಿಗೆಗೆ ಕೊಡುವವರು ಕೇಳುತ್ತಿದ್ದರು, ಹೆಣ್ಣು ಕೊಡುವವರು ಕೇಳುತ್ತಿದ್ದರು. ಉಪನಿರ್ದೇಶಕ ಎಂದು ಹೇಳಿಕೊಂಡು ಮದುವೆಗೆ ಹೊರಟವನೊಬ್ಬ ಉಪನಿರ್ದೇಶಕರ ಕಾರು ತೊಳೆಯುವವನಾಗಿದ್ದ. ಟೈಪಿಸ್ಟು ಆ ಕಥೆಯನ್ನು ವರ್ಷಕ್ಕೆರಡು ಸಲ ಹೇಳಿ ವರ್ಷಕ್ಕೆರಡು ಸಲ ನಗುತ್ತಿದ್ದ. ಸೇರಿದ ಹೊಸತರಲ್ಲಿ ಅವಳಿಗೆ ಕಲಿಸಿದ್ದ ಮೊದಲ ಪಾಠವೆಂದರೆ, ಯಾರ ಬಗ್ಗೆಯೂ "ಇಲ್ಲ" ಎಂದು ಬರೆಯಬಾರದು. ಇಲ್ಲ ಎನ್ನಲು ನೀನು ಯಾರು? "ದಾಖಲೆಗಳಲ್ಲಿ ಕಂಡುಬಂದಿಲ್ಲ" ಎಂದು ಬರೆ. ನೋಡಿದೆವು, ಕಾಣಲಿಲ್ಲ, ನಮ್ಮ ಕೆಲಸ ಮುಗಿಯಿತು. ದಿನಕ್ಕೆ ಮೂವತ್ತು ನಲವತ್ತು ಪತ್ರಗಳಿಗೆ ಟೈಪಿಸ್ಟು ಉತ್ತರ ಹೊಡೆದು ತರುತ್ತಿದ್ದ. ಅವಳು ಟೀ ಆರುವ ಮೊದಲು ಎಲ್ಲಕ್ಕೂ ಸಹಿ ಹಾಕುತ್ತಿದ್ದಳು. ಸಹಿಯಲ್ಲಿ ಅವಳ ಹೆಸರಿನ ಒಂದಕ್ಷರವೂ ಈಗ ಓದಲು ಬರುತ್ತಿರಲಿಲ್ಲ. ಬರೀ ಒಂದು ಗೆರೆ, ಕೊನೆಯಲ್ಲಿ ಸಣ್ಣ ಕೊಂಡಿ.

ಹನ್ನೊಂದು ಗಂಟೆಯ ಹೊತ್ತಿಗೆ ಕಿಟಕಿಯಲ್ಲಿ ಟೈಪಿಸ್ಟನ ದನಿ ಏರಿತು.

"ರೀ ಸ್ವಾಮಿ, ಎರಡು ಸಲ ಉತ್ತರ ಕೊಟ್ಟಾಗಿದೆ. ಮೂರನೇ ಸಲ ಕೇಳಿದ್ರೆ ಪುಸ್ತಕದಲ್ಲಿ ಹೆಸರು ಹುಟ್ಟುತ್ತಾ?"

"ಹುಟ್ಟೋದು ಬೇಡ, ಇದೆ. ನೀವು ನೋಡಿದ ಪುಸ್ತಕ ಬೇರೆ. ನಾನು ಯೋಜನಾ ಸಿಬ್ಬಂದಿ. ನಮಗೆ ಬೇರೆ ಸಂಪುಟ ಇರ್ಬೇಕು."

"ಬೇರೆ ಗೀರೆ ಏನಿಲ್ಲ. ಮೇಡಂ ಸೈನ್ ಮಾಡಿದ್ದಾರೆ, ನೋಡಿ ಇಲ್ಲಿ."

"ನೋಡಿದ್ದೀನಿ. ಆ ಮೇಡಮ್ಮನ್ನೇ ಒಂದು ಸಲ ನೋಡೋಣ ಅಂತ ಬಂದೆ."

ಅವಳು ಎದ್ದು ಕಿಟಕಿಗೆ ಹೋದಳು. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಕಿವಿಯ ಹಿಂದೆ ನರೆತ ಕೂದಲು. ಎರಡು ಕಾಗದಗಳನ್ನು ಕಂಬಿಯ ಕೆಳಗಿಂದ ಒಳಗೆ ಸರಿಸಿದ. ಕಾಗದವನ್ನು ಎಲ್ಲರ ಹಾಗೆ ನಡುವೆ ಹಿಡಿಯದೆ, ಹಸಿ ಶಾಯಿಯ ಹಾಳೆಯನ್ನು ಹಿಡಿದವನಂತೆ ಬೆರಳ ತುದಿಗಳಿಂದ ಅಂಚಿನಲ್ಲಿ ಹಿಡಿದಿದ್ದ. ಎರಡರಲ್ಲೂ ಅದೇ ವಾಕ್ಯ, ಅದೇ ಗೆರೆ, ಅದೇ ಕೊಂಡಿ. ಒಂದಕ್ಕೆ ನಾಲ್ಕು ತಿಂಗಳಾಗಿತ್ತು, ಇನ್ನೊಂದಕ್ಕೆ ಆರು ವಾರ. ಆಮೇಲೆ ಅವಳು ಹೆಸರು ಓದಿದಳು. ನಿಧಾನವಾಗಿ, ಮೊದಲ ಸಲ. ಮೂರಕ್ಷರದ ಹೆಸರು, ಅದರ ಮುಂದೆ ತಂದೆಯ ಹೆಸರು, ಆಮೇಲೆ ಹುದ್ದೆ: ನಕ್ಷೆಗಾರ. ಕಂಬಿಯನ್ನು ಹಿಡಿದುಕೊಂಡಳು. ಅದು ತಣ್ಣಗಿತ್ತು.

"ಇದು ತಮ್ಮ ಸೈನೇ ಅಲ್ವಾ ಮೇಡಂ?" ಅವನ ದನಿಯಲ್ಲಿ ಜಗಳವಿರಲಿಲ್ಲ. ಎಷ್ಟೋ ಕಿಟಕಿಗಳ ಮುಂದೆ ನಿಂತು ಕಲಿತ ತಾಳ್ಮೆ ಇತ್ತು. "ಮೊದಲ ಏಳು ವರ್ಷದ ನೌಕರಿ ಮಾಡೇ ಇಲ್ಲ ಅಂತಾರೆ ಪಿಂಚಣಿಯವರು. ಆ ಏಳು ವರ್ಷ ನಾನೆಲ್ಲಿದ್ದೆ ಹಾಗಾದ್ರೆ? ಹೆಂಡತಿ ಕೂಡ ಕೇಳೋಕೆ ಶುರು ಮಾಡಿದ್ದಾಳೆ."

ಟೈಪಿಸ್ಟು ನಕ್ಕ. ಅವಳಿಗೆ ನಗು ಬರಲಿಲ್ಲ. ಮುಖವನ್ನು ಎತ್ತಲಿಲ್ಲ, ಎತ್ತಿದರೆ ಗುರುತು ಹಿಡಿಯುತ್ತಾನೆ ಎಂದುಕೊಂಡಳು. ಎತ್ತಿದರೂ ಹಿಡಿಯುವುದಿಲ್ಲ ಎಂಬುದು ಅದಕ್ಕಿಂತ ಸಂಕಟವಾಗಿತ್ತು. ಅವನು ಅವಳನ್ನು ನೋಡಿದ್ದು ಒಂದೇ ಸಲ, ಅದೂ ವರ್ಷಗಳ ಹಿಂದೆ, ಮನೆಯ ಕಿಟಕಿಯ ಪರದೆಯ ಸಂದಿಯಲ್ಲಿ ಅರ್ಧ ಮುಖ. "ಕೂತ್ಕೊಳ್ಳಿ, ನಾನೇ ನೋಡ್ತೀನಿ" ಅಂದಳು.

ಇಪ್ಪತ್ತಾರು ವರ್ಷದ ಹಿಂದೆ, ಇವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಂಬತ್ತನೇ ಬೋರ್ಡಿನ ಆಪರೇಟರು. ದೂರದ ಊರಿಗೆ ಮಾತಾಡಬೇಕಾದವರೆಲ್ಲ ಮೊದಲು ಅವಳ ದನಿಯನ್ನು ದಾಟಿ ಹೋಗಬೇಕಿತ್ತು. ಆ ದನಿಗಾಗಿಯೇ ಸುಳ್ಳು ಕರೆ ಬುಕ್ ಮಾಡುವವರಿದ್ದರು. ನೀರಿನ ಯೋಜನೆಯ ಕಚೇರಿಯಿಂದ ದಿನಾ ಮಧ್ಯಾಹ್ನ ಮೂರಕ್ಕೆ ಅಣೆಕಟ್ಟು ಕಟ್ಟುವ ಜಾಗಕ್ಕೆ ಒಂದು ಕರೆ ಹೋಗುತ್ತಿತ್ತು. ಅಳತೆಗಳನ್ನು ಓದಿ ಹೇಳಲು ರಿಸೀವರು ಹಿಡಿದು ಕಾಯುತ್ತಿದ್ದವನು ಈ ನಕ್ಷೆಗಾರ. ಲೈನು ಸಿಗಲು ಒಮ್ಮೊಮ್ಮೆ ಹತ್ತು ನಿಮಿಷ ಹಿಡಿಯುತ್ತಿತ್ತು. ಬರಬರುತ್ತ ಲೈನು ಬೇಗ ಸಿಕ್ಕರೆ ಇಬ್ಬರಿಗೂ ಬೇಜಾರು ಎಂದು ಅಕ್ಕನೇ ಒಂದು ರಾತ್ರಿ ದೀಪ ಆರಿಸಿದ ಮೇಲೆ ಇವಳಿಗೆ ಹೇಳಿ, ದಿಂಬಿನಲ್ಲಿ ಮುಖ ಹುದುಗಿಸಿ ನಕ್ಕಿದ್ದಳು. ಇವಳೂ ನಕ್ಕಳು. ನಕ್ಕು, ಅಕ್ಕ ನಿದ್ದೆ ಹೋದ ಮೇಲೆ, ಪಕ್ಕದ ಹಾಸಿಗೆ ಖಾಲಿಯಾಗಿರುವುದನ್ನು ಕಣ್ಣು ಬಿಟ್ಟುಕೊಂಡು ಊಹಿಸಿದ್ದಳು. ಅಮ್ಮ ಇರಲಿಲ್ಲ. ಅಕ್ಕ ಹೋದರೆ ಮನೆಯಲ್ಲಿ ಅಪ್ಪ ಮತ್ತು ಅವಳು. ಅಪ್ಪ ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಮನೆಯಲ್ಲೂ ಮಾತನ್ನು ತೂಗಿ ನೋಡಿ, ಕಡಿಮೆ ಬಿತ್ತು ಎಂದು ವಾಪಸು ಕೊಡುತ್ತಿದ್ದವರು. ವಿಷಯ ಕಿವಿಗೆ ಬಿದ್ದಾಗ ಅವರು ಸಿಟ್ಟಾಗಲಿಲ್ಲ. "ಸರ್ಕಾರಿ ನೌಕರಿ ಅಂತಾನಲ್ಲ, ಸರಿ. ಪುಟ್ಟೀ, ಎಲ್ಲಾ ನಿನ್ನ ಆಫೀಸಲ್ಲೇ ಇದೆಯಲ್ಲ, ನಾಳೆ ನೋಡ್ಕೊಂಡು ಬಾ" ಎಂದರು. ಅಕ್ಕ ಖುಷಿಯಿಂದಲೇ ಒಂದು ಚೀಟಿಯಲ್ಲಿ ಅವನ ಹೆಸರು ಬರೆದುಕೊಟ್ಟಿದ್ದಳು. ದುಂಡನೆಯ ಅಕ್ಷರ, ಕೆಳಗೆ ಅಡಿಗೆರೆ.

ದಾಖಲೆ ಕೊಠಡಿಯ ಬೀಗ ತೆಗೆದು ಒಳಗೆ ಹೋದಾಗ ಹಳೆಯ ಕಾಗದದ ವಾಸನೆ ಮೂಗಿಗೆ ಬಡಿಯಿತು. ಇಪ್ಪತ್ತೇಳು ವರ್ಷದಿಂದ ದಿನವೂ ಬಡಿಯುವ ವಾಸನೆ ಇವತ್ತು ಯಾಕೋ ಹೊಸದಾಗಿ ಕಂಡಿತು. ಸಾಲು ಸಾಲು ಕಬ್ಬಿಣದ ಕಪಾಟುಗಳು, ನಡುವೆ ಒಬ್ಬರು ಓರೆಯಾಗಿ ನಡೆಯುವಷ್ಟು ದಾರಿ. ಕಾಯಂ ನೌಕರರ ಸಂಪುಟಗಳು ಎದೆಯ ಮಟ್ಟದಲ್ಲಿ, ಕೈಗೆ ಸಿಗುವ ಹಾಗೆ. ಅಪ್ಪ ನೋಡಿ ಬಾ ಎಂದು ಕಳಿಸಿದ ಆ ದಿನ ಇಲ್ಲಿ ಕಡತದಜ್ಜ ಇದ್ದ. ಕಡತ ಎಲ್ಲಿದೆ ಎಂದು ಪುಸ್ತಕ ನೋಡದೆ ಹೇಳುತ್ತಿದ್ದುದರಿಂದ ಎಲ್ಲರೂ ಹಾಗೆ ಕರೆಯುತ್ತಿದ್ದರು. ಊಟದ ಬೆಲ್ಲು ಹೊಡೆದಿತ್ತು. ಕಾಯಂ ನೌಕರರ ಸಂಪುಟದಲ್ಲಿ ಆ ಹೆಸರು ಇರಲಿಲ್ಲ. ಅವಳು ಬೆರಳಿಟ್ಟು ಎರಡು ಸಲ ಕೆಳಗೆ ಇಳಿದಿದ್ದಳು. ಅಜ್ಜ ಆಗಲೇ ಏಣಿಯ ಮೇಲೆ ಒಂದು ಕೈ ಇಟ್ಟಿದ್ದ. "ಯೋಜನೆಯೋರದ್ದು ಮೇಲಿನ ಅರೆಯಲ್ಲಿ ಇರುತ್ತಮ್ಮ. ಅದನ್ನೂ ತೆಗೀಲಾ?" ಎಂದು ಕೇಳಿದ. ಅವಳು "ಬೇಡ" ಅಂದಳು. ಸೆಕೆ ಇತ್ತು, ಅಜ್ಜನ ಮೊಣಕಾಲು ನೋಯುತ್ತಿತ್ತು, ಬೆಲ್ಲು ಹೊಡೆದಿತ್ತು. ಈ ಮೂರು ಕಾರಣಗಳನ್ನು ಅವಳು ಆಮೇಲೆ ಎಷ್ಟೋ ಸಲ ಒಂದರ ಪಕ್ಕ ಒಂದು ಇಟ್ಟು ನೋಡಿದ್ದಾಳೆ. ಮೂರೂ ನಿಜ. ಆದರೆ "ಬೇಡ" ಬಾಯಿಂದ ಬಂದಾಗ ಮೂರರಲ್ಲಿ ಒಂದೂ ಇನ್ನೂ ಹೊಳೆದಿರಲಿಲ್ಲ.

ಸಂಜೆ ಅಪ್ಪನ ಮುಂದೆ ನಿಂತು ಅವಳು ಇಲಾಖೆಯ ವಾಕ್ಯವನ್ನೇ ಹೇಳಿದಳು: "ದಾಖಲೆಯಲ್ಲಿ ಕಂಡುಬಂದಿಲ್ಲ ಅಪ್ಪ." ಸುಳ್ಳಲ್ಲ. ಅಪ್ಪ ಅದನ್ನು "ಇಲ್ಲ" ಎಂದು ತೆಗೆದುಕೊಂಡರು. ಅಡಿಗೆಮನೆಯ ಬಾಗಿಲಲ್ಲಿ ನಿಂತ ಅಕ್ಕ, "ಸರಿಯಾಗಿ ನೋಡ್ದೆ ತಾನೇ ಪುಟ್ಟೀ?" ಎಂದಳು. "ಎರಡು ಸಲ ನೋಡ್ದೆ." ಅದೂ ಸುಳ್ಳಲ್ಲ. ಮುಂದಿನ ಭಾನುವಾರ ಅವನು ತಾನಾಗಿ ಮನೆಗೆ ಬಂದ. ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆಯ ಹಾಳೆ. ತನ್ನ ಕೆಲಸ ತೋರಿಸಲು ತಂದಿದ್ದನೋ ಏನೋ. ಅಪ್ಪ ಗೇಟು ತೆಗೆಯಲಿಲ್ಲ. ಯಾವ ಆಫೀಸು, ಯಾವ ಕುರ್ಚಿ, ಯಾವ ಸಂಬಳದ ಪಟ್ಟಿ ಎಂದು ಬೀದಿಗೆ ಕೇಳುವ ಹಾಗೆ ಕೇಳಿದರು. ಅವನು ಗೇಟಿನ ಆಚೆಯೇ ಹಾಳೆ ಬಿಚ್ಚಲು ಹೋದ. ಗಾಳಿಗೆ ಅದು ಹಿಡಿತಕ್ಕೆ ಸಿಗದೆ ಪಟಪಟ ಬಡಿದುಕೊಂಡಿತು. "ಚಿತ್ರ ಯಾರು ಬೇಕಾದ್ರೂ ಬರೀತಾರೆ" ಎಂದರು ಅಪ್ಪ. ಎದುರುಮನೆಯ ತಾರಸಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದವರು ಕೈ ನಿಲ್ಲಿಸಿ ನೋಡುತ್ತಿದ್ದರು. ಅವನು ಹಾಳೆಯನ್ನು ಮತ್ತೆ ಸುರುಳಿ ಸುತ್ತಿದ, ಅವಸರ ಮಾಡದೆ, ಅಂಚಿಗೆ ಅಂಚು ಕೂಡಿಸಿ. ಒಂದು ಸಲ ಕಿಟಕಿಯ ಕಡೆ ನೋಡಿದ. ಅಲ್ಲಿ ಇದ್ದದ್ದು ಅಕ್ಕ ಎಂದುಕೊಂಡಿರಬೇಕು. ಇದ್ದವಳು ಇವಳು. ಅಕ್ಕ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಮಾರನೆಯ ವಾರ ಬೆಳಗಿನ ಪಾಳಿ ಕೇಳಿ ಬದಲಾಯಿಸಿಕೊಂಡಳು. ಮಧ್ಯಾಹ್ನ ಮೂರರ ಕರೆ ಬೇರೆ ಯಾರ ಬೋರ್ಡಿಗೋ ಹೋಯಿತು. ಆಮೇಲೆ ಬಂದ ಸಂಬಂಧಗಳಿಗೆಲ್ಲ ಅಕ್ಕ ನಗುನಗುತ್ತಲೇ ಬೇಡ ಎಂದು ತಲೆಯಾಡಿಸಿಬಿಟ್ಟಳು. ಇವಳಿಗೂ ಸಂಬಂಧಗಳು ಬಂದವು. ಬಂದವರ ದಾಖಲೆ ನೋಡಲು ಇವಳಿಗೆ ಧೈರ್ಯವಾಗಲಿಲ್ಲ, ನೋಡದೆ ಒಪ್ಪಲು ಅಪ್ಪನಿಗೆ ಧೈರ್ಯವಾಗಲಿಲ್ಲ.

ಏಣಿ ಬೇರೆಯದು, ಅಲ್ಯೂಮಿನಿಯಂನದು. ಅವಳು ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು. ಇಷ್ಟು ವರ್ಷ ಮೇಲಿನ ಅರೆಯಿಂದ ಏನು ಬೇಕಾದರೂ ಇನ್ನೊಬ್ಬರನ್ನೇ ಹತ್ತಿಸಿದ್ದಳು. ತಲೆ ಸುತ್ತುತ್ತದೆ ಎನ್ನುತ್ತಿದ್ದಳು, ತಾನೂ ಅದನ್ನು ನಂಬಿದ್ದಳು. ಇವತ್ತು ತಲೆ ಸುತ್ತಲಿಲ್ಲ. ನೀರಿನ ಯೋಜನೆಯ ಎರಡು ಸಂಪುಟಗಳು ದಾರದಿಂದ ಕಟ್ಟಿ, ಬೆನ್ನು ಒಳಗಾಗಿ ಮಲಗಿದ್ದವು. ಎರಡನೆಯದನ್ನು ಏಣಿಯ ಮೇಲೆಯೇ ನಿಂತು, ಅರೆಯ ಅಂಚಿಗೆ ಒರಗಿಸಿ ತೆರೆದಳು. ಹುಡುಕುವುದೇ ಬೇಕಾಗಲಿಲ್ಲ. ಪುಟ ನಲವತ್ತೊಂದು. ಹೆಸರು, ತಂದೆಯ ಹೆಸರು, ಹುದ್ದೆ. ಸೇರಿದ ದಿನಾಂಕ ಅಪ್ಪನ ಮುಂದೆ ಅವಳು ಆ ವಾಕ್ಯ ಹೇಳಿದ ಸಂಜೆಗಿಂತ ಎರಡು ವರ್ಷ ನಾಲ್ಕು ತಿಂಗಳು ಹಿಂದಿನದು. ಗುರುತಿನ ಚಿಹ್ನೆ: ಎಡಗಿವಿಯ ಕೆಳಗೆ ಮಚ್ಚೆ. ಕೆಳಗೆ ಇನ್ನೊಂದು ಅಂಕಣ, ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು ಎಂದು. ಅಲ್ಲಿ ಮೊದಲು ಬರೆದಿದ್ದ ದೂರದ ಊರಿನ ವಿಳಾಸವೊಂದನ್ನು ಹೊಡೆದುಹಾಕಿ, ನಕ್ಷೆಯ ಮೇಲೆ ಊರುಗಳ ಹೆಸರು ಬರೆಯುವಂಥ ನೆಟ್ಟನೆಯ ಅಕ್ಷರದಲ್ಲಿ ಹೀಗೆ ಬರೆದಿತ್ತು: ಟೆಲಿಫೋನ್ ಎಕ್ಸ್‌ಚೇಂಜ್, ಒಂಬತ್ತನೇ ನಂಬರಿನ ಆಪರೇಟರು. ಅದನ್ನು ಯಾರೂ ಹೊಡೆದುಹಾಕಿರಲಿಲ್ಲ. ಆ ಯೋಜನೆ ಬಿಡುವವರೆಗೂ ಅವನಿಗೆ ಏನಾದರೂ ಆಗಿದ್ದರೆ, ಬಿದ್ದಿದ್ದರೆ, ಮುಳುಗಿದ್ದರೆ, ಸರ್ಕಾರ ಅಕ್ಕನಿಗೆ ಫೋನು ಮಾಡುತ್ತಿತ್ತು.

ಎಷ್ಟು ಹೊತ್ತು ಹಾಗೇ ನಿಂತಿದ್ದಳೋ, ಕೆಳಗಿನಿಂದ ಟೈಪಿಸ್ಟು, "ಮೇಡಂ, ಸಿಕ್ತಾ? ಅಥವಾ ನೀವೇ ಮೇಲೆ ಸೇರ್ಕೊಂಡ್ರಾ?" ಎಂದು ಕೂಗಿದ.

"ಸಿಕ್ತು" ಅಂದಳು.

ಪತ್ರವನ್ನು ಟೈಪಿಸ್ಟಿಗೆ ಕೊಡದೆ ತಾನೇ ಬರೆದಳು. ಸಂಪುಟದ ಸಂಖ್ಯೆ, ಪುಟದ ಸಂಖ್ಯೆ, ಸೇರಿದ ದಿನ, ಬಿಡುಗಡೆಯಾದ ದಿನ. ಹಿಂದಿನ ಎರಡೂ ಉತ್ತರಗಳು ಈ ಕಚೇರಿಯ ತಪ್ಪಿನಿಂದ ಹೋದವು ಎಂದು ಒಂದು ಸಾಲು ಸೇರಿಸಿದಾಗ ಟೈಪಿಸ್ಟು ಭುಜದ ಮೇಲಿಂದ ಓದಿ, "ಮೇಡಂ, ತಪ್ಪು ಅಂತೆಲ್ಲಾ ಬರೀಬೇಡಿ, ಮೇಲಿನವರು ಹಿಡ್ಕೋತಾರೆ" ಎಂದು ಪಿಸುಗುಟ್ಟಿದ. ಅವಳು ಆ ಸಾಲನ್ನು ಹಾಗೇ ಬಿಟ್ಟಳು. ಸಹಿ ಹಾಕುವಾಗ ಮಾತ್ರ ಕೈ ತಡೆಯಿತು. ಗೆರೆ ಎಳೆಯುವ ಬದಲು ಪೂರ್ತಿ ಹೆಸರನ್ನು ಅಕ್ಷರ ಅಕ್ಷರವಾಗಿ, ತಂದೆಯ ಹೆಸರಿನ ಸಮೇತ ಬರೆದಳು. ಅವನು ಓದಲಿ ಎಂದು. ಓದಿ ಕೇಳಲಿ ಎಂದು. ಅವನು ಓದಿದ್ದು ತನ್ನ ಏಳು ವರ್ಷವನ್ನು ಮಾತ್ರ. ಕನ್ನಡಕ ಏರಿಸಿ ಎರಡು ಸಲ ಓದಿ, ಕಾಗದವನ್ನು ಬೆಳಕಿಗೆ ಹಿಡಿದು, ಹಾಳೆಯ ಕೆಳಗಿನ ಭಾಗವನ್ನು ನೋಡದೆ ಮಡಿಸಿದ.

"ನಿಮ್ಮನ್ನ ನಾನು ಮುಂಚೆ ನೋಡಿದ್ದೀನಿ" ಅಂದಳು ಅವಳು.

"ನೋಡಿರ್ತೀರಿ ಮೇಡಂ. ಈ ಕಟ್ಟಡಕ್ಕೆ ಬಂದು ಬಂದು ಗೋಡೆಗಳಿಗೂ ನನ್ನ ಪರಿಚಯ ಆಗಿದೆ." ಅವನು ನಕ್ಕ. ಆಮೇಲೆ, ಕೆಲಸ ಆದ ಮನುಷ್ಯನ ಸಡಿಲದಲ್ಲಿ, ತಾನಾಗಿಯೇ ಹೇಳಿದ: "ನನಗಿದು ಅಭ್ಯಾಸ ಬಿಡಿ. ಸಣ್ಣ ವಯಸ್ಸಲ್ಲೂ ಒಂದು ಸಲ ಹೀಗೇ ಆಗಿತ್ತು. ಒಂದು ಮನೆ ಮುಂದೆ ನಿಲ್ಲಿಸಿ, ನೀನು ನೌಕರಿಯಲ್ಲೇ ಇಲ್ಲ ಅಂದ್ರು. ಬೆಳಿಗ್ಗೆ ಎದ್ದು ಆಫೀಸಿಗೆ ಹೋದಾಗ ನನಗೇ ಅನುಮಾನ ಬಂತು ನೋಡಿ, ಕುರ್ಚಿ ಇದೆಯೋ ಇಲ್ವೋ ಅಂತ."

"ಆಮೇಲೆ?"

"ಆಮೇಲೇನು. ಕುರ್ಚಿ ಇತ್ತು."

ಈಗ ಹೇಳಬೇಕಿತ್ತು. ಆಗಲೇ ಹೊರಗಿನ ಬೆಂಚಿನಿಂದ ಒಬ್ಬಳು ದಪ್ಪನೆಯ, ಗೆಲುವಿನ ಮುಖದ ಹೆಂಗಸು ಎದ್ದು ಬಂದು, "ಆಯ್ತೇನ್ರೀ? ಕೊಟ್ರಾ?" ಎಂದು ಗಟ್ಟಿಯಾಗಿ ಕೇಳಿದಳು. ಅವನು ಕಾಗದ ಎತ್ತಿ ತೋರಿಸಿದ. "ತಗೋ, ಈಗಾದ್ರೂ ನಂಬು." "ನಾನು ಯಾವತ್ತು ನಂಬಲಿಲ್ಲ?" ಎನ್ನುತ್ತ ಅವಳು ಅವನ ಕೈಯಿಂದ ಕಾಗದ ತೆಗೆದುಕೊಂಡು ತನ್ನ ಚೀಲದಲ್ಲಿ, ಸೊಪ್ಪಿನ ಕಟ್ಟಿನ ಪಕ್ಕ ಜೋಪಾನವಾಗಿ ಇಟ್ಟುಕೊಂಡಳು. ಇಬ್ಬರೂ ಮೆಟ್ಟಿಲಿಳಿದು ಹೋದರು. ಅವನು ಒಂದು ಮೆಟ್ಟಿಲು ಮುಂದೆ ಇಳಿದು, ತಿರುಗಿ ಅವಳಿಗೆ ಕೈ ಕೊಡುತ್ತಿದ್ದ. ಅವಳು ಕೈ ಹಿಡಿಯದೆ ಗೋಡೆ ಹಿಡಿದು ಇಳಿಯುತ್ತಿದ್ದಳು. ಅವನು ಪ್ರತಿ ಮೆಟ್ಟಿಲಿಗೂ ಕೈ ಕೊಡುವುದನ್ನು ಬಿಡಲಿಲ್ಲ. ಇವಳು ಕಿಟಕಿಯ ಕಂಬಿಯ ಹಿಂದೆ ನಿಂತು ನೋಡಿದಳು. ಅವನ ಬದುಕು ಸರಿಯಾಗಿಯೇ ನಡೆದಿದೆ ಎಂಬುದರಿಂದ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಹಾಳಾದದ್ದು ಒಂದೇ ಕಡೆ, ಅದೂ ತನ್ನ ಮನೆಯಲ್ಲೇ ಎಂದು ಈಗ ಸ್ಪಷ್ಟವಾಯಿತು.

ಮನೆಗೆ ಹೋದಾಗ ಇನ್ನೂ ಬಿಸಿಲಿತ್ತು. ಅಕ್ಕ ಅಡಿಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಎಕ್ಸ್‌ಚೇಂಜು ಮುಚ್ಚಿ ಹತ್ತು ವರ್ಷವಾದರೂ ಅವಳು ಕೂತರೆ ಬೋರ್ಡಿನ ಮುಂದೆ ಕೂತ ಹಾಗೆ ಬೆನ್ನು ನೆಟ್ಟಗೆ ಇರುತ್ತಿತ್ತು. "ಬೇಗ ಬಂದ್ಯಲ್ಲ" ಎಂದಳು ಖುಷಿಯಾಗಿ. ಇವಳು ಚೀಲ ಇಳಿಸದೆ ಬಾಗಿಲಲ್ಲೇ ನಿಂತು ಹೇಳಿದಳು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮೊದಲ ವಾಕ್ಯ, ಎರಡನೆಯ ವಾಕ್ಯ ಯಾವುದೂ ನೆನಪಾಗಲಿಲ್ಲ. ಅವರು ಇವತ್ತು ಬಂದಿದ್ದರು, ಅವರು ಸುಳ್ಳು ಹೇಳಿರಲಿಲ್ಲ, ಮೇಲಿನ ಪುಸ್ತಕದಲ್ಲಿ ಇತ್ತು, ನಲವತ್ತೊಂದನೇ ಪುಟ. ಯಾರು ಎಂದು ಅಕ್ಕ ಕೇಳಲಿಲ್ಲ. ಚಾಕುವನ್ನು ಮಣೆಯ ಮೇಲೆ ಇಟ್ಟಳು. ತುರ್ತಿನ ಅಂಕಣದಲ್ಲಿ ಏನು ಬರೆದಿತ್ತು ಎಂದೂ ಇವಳು ಹೇಳಿದಳು. ಹೇಳಬಾರದಿತ್ತೇನೋ. ಅಕ್ಕನ ಮುಖದಲ್ಲಿ ಏನೋ ಒಂದು ಕ್ಷಣ ಹೊತ್ತಿ ಆರಿತು. ಆ ಮುಖವನ್ನು ಇವಳು ಆ ದಿಂಬಿನ ರಾತ್ರಿಯ ಮೇಲೆ ಮತ್ತೆ ನೋಡಿರಲಿಲ್ಲ.

"ಆಗ ಮೇಲಿನ ಪುಸ್ತಕ ನೋಡ್ಲಿಲ್ವಾ ನೀನು?"

"ಕಡತದಜ್ಜ ಕೇಳಿದ, ತೆಗೀಲಾ ಅಂತ. ನಾನೇ ಬೇಡ ಅಂದೆ."

"ಯಾಕೆ?"

ಸೆಕೆ, ಅಜ್ಜನ ಮೊಣಕಾಲು, ಬೆಲ್ಲು. ಮೂರೂ ಸಾಲಾಗಿ ಬಂದು ನಿಂತವು.

"ನೀನು ಹೋಗಿಬಿಡ್ತೀಯ ಅಂತ."

ನಲ್ಲಿಯಿಂದ ನೀರು ಹನಿಯುತ್ತಿತ್ತು, ಅಕ್ಕ ಎದ್ದು ಅದನ್ನು ಬಿಗಿ ಮಾಡಿದಳು. ಹಿಂತಿರುಗದೆ ಹೇಳಿದಳು: "ಅವರ ಆಫೀಸಿನ ಲೈನು ದಿನಾ ನನ್ನ ಕೈಯಲ್ಲೇ ಇತ್ತು. ಅವರ ಸಾಹೇಬರಿಗೆ ಒಂದು ಫೋನ್ ಹಾಕಿ ಕೇಳಿದ್ರೆ ಆಗ್ತಿತ್ತು. ಒಂದು ನಿಮಿಷದ ಕೆಲಸ. ನಾನು ಕೇಳ್ಲಿಲ್ಲ. ನೀನು ನೋಡಿದ್ದೀಯ ಅಂದ್ಮೇಲೆ ಮುಗೀತು ಅಂತ. ನಿನ್ನ ಮೇಲೆ ಅನುಮಾನ ಪಡೋಕಿಂತ ಅವರ ಮೇಲೆ ಪಡೋದು ಸುಲಭ ಆಯ್ತು ನನಗೆ."

"ಹಾಗಾದ್ರೆ..."

"ಹಾಗಾದ್ರೆ ಏನಿಲ್ಲ. ಅದರಿಂದ ನಿಂದು ಕಡಿಮೆ ಆಗಲ್ಲ ಪುಟ್ಟೀ." ತಿರುಗಿದಳು. ಕಣ್ಣು ಒಣಗಿತ್ತು. "ಅವರಿಗೆ ಹೇಳಿದ್ಯಾ, ನೀನೇ ಅಂತ?"

"ಇಲ್ಲ."

"ನನಗೊಬ್ಬಳಿಗೇ ಹೇಳ್ದೆ."

ಅಡಿಗೆ ಎಂದಿನ ಹಾಗೆ ಆಯಿತು, ಊಟವೂ ಆಯಿತು. ಅಕ್ಕ ಬಡಿಸಿದಳು, ಉಪ್ಪು ಸಾಕಾ ಎಂದು ಕೇಳಿದಳು. ಬೈದಿದ್ದರೆ, ತಟ್ಟೆ ಎಸೆದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಇವಳು ತುತ್ತು ತುತ್ತಿಗೂ ಅಂದುಕೊಂಡಳು. ಮಾರನೆಯ ದಿನ ಅರ್ಜಿಯಲ್ಲಿದ್ದ ವಿಳಾಸಕ್ಕೆ ಅವನಿಗೊಂದು ಪತ್ರ ಬರೆದಳು. ಕಚೇರಿಯ ಕಾಗದದಲ್ಲಲ್ಲ, ಅಂಗಡಿಯಿಂದ ಕೊಂಡ ಬಿಳಿ ಹಾಳೆಯಲ್ಲಿ. ಏನನ್ನೂ ಮುಚ್ಚಿಡಲಿಲ್ಲ. ಉತ್ತರ ಬರಲಿಲ್ಲ. ಹದಿನೈದು ದಿನ ಸಂಜೆ ಮನೆಗೆ ಬಂದೊಡನೆ ಅವಳು ಅಂಚೆ ಬಂತೇ ಎಂದು ಗೇಟಿನ ಬಳಿ ನೋಡುತ್ತಿದ್ದಳು. ಅವನು ಓದಿ ಹರಿದು ಹಾಕಿದನೋ, ಹೆಂಡತಿಗೆ ಓದಿ ಹೇಳಿ ಇಬ್ಬರೂ ಸುಮ್ಮನಾದರೋ ಅವಳಿಗೆ ತಿಳಿಯುವ ದಾರಿ ಇರಲಿಲ್ಲ. ಆ ತಿಂಗಳು ಅವಳು ಸಹಿಗೆ ಬಂದ ಒಂದೊಂದು ಪತ್ರವನ್ನೂ ತಡೆದು, ತಾನೇ ಏಣಿ ಹತ್ತಿ ನೋಡತೊಡಗಿದಳು. ಪತ್ರಗಳು ಗುಡ್ಡೆ ಬಿದ್ದವು. ಮೇಲಧಿಕಾರಿ ಕರೆದು, "ಏನ್ರೀ, ನಿಮಗೂ ವಯಸ್ಸಾಯ್ತಾ?" ಎಂದು ಎಲ್ಲರ ಮುಂದೆ ಕೇಳಿದರು. ಟೈಪಿಸ್ಟು ತಲೆ ತಗ್ಗಿಸಿ ಟೈಪ್‌ರೈಟರಿನ ಕೀಲಿಗಳನ್ನು ಒರೆಸಿದ. "ಆಯ್ತು ಸಾರ್" ಎಂದು ಅವಳು ಒಪ್ಪಿಕೊಂಡಳು.

ಮೂರನೆಯ ವಾರ, ಬಟ್ಟೆ ಮಡಿಸುತ್ತ ಅಕ್ಕ ಹೇಳಿದಳು. ಎಕ್ಸ್‌ಚೇಂಜಿನಲ್ಲಿ ಜೊತೆಗಿದ್ದ ಇಬ್ಬರು ಹೆಂಗಸರು ಊರಾಚೆ ಒಂದು ಮನೆಯ ಮಹಡಿ ಹಿಡಿದಿದ್ದಾರೆ, ಒಂದು ಕೋಣೆ ಖಾಲಿ ಇದೆ, ಒಂದನೇ ತಾರೀಖಿಗೆ ಹೋಗುತ್ತೇನೆ ಎಂದು. "ಸಿಟ್ಟಿಂದ ಅಲ್ಲ" ಎಂದಳು. "ಸಿಟ್ಟು ಇದೆ, ಆದ್ರೆ ಅದಕ್ಕೆ ಅಲ್ಲ. ನಾನು ಹೋಗಿದ್ರೆ ಹೇಗಿರ್ತಿತ್ತು ಅಂತ ನನಗೂ ಒಂದು ಸಲ ನೋಡ್ಬೇಕು." ಇವಳು "ಅಕ್ಕಾ" ಅಂದಳು. ಅಕ್ಕ ಒಂದು ರವಿಕೆಯನ್ನು ಇವಳ ಕಡೆಗೆ ಸರಿಸಿ, "ಇದು ನಿಂದು, ನನ್ನ ರಾಶೀಲಿ ಬಂದಿದೆ" ಎಂದಳು.

ಒಂದನೇ ತಾರೀಖು ಭಾನುವಾರ ಬಿತ್ತು. ಸಾಮಾನಿನ ಗಾಡಿಯವನು ಎಂಟಕ್ಕೇ ಬಂದ. ಅಕ್ಕನ ಸಾಮಾನು ಎಂದು ಬೇರೆ ಮಾಡಿದ್ದು ಇಷ್ಟೇ: ಮಂಚ, ಹಾಸಿಗೆ, ಒಂದು ಟ್ರಂಕು, ಎರಡು ಚೀಲ ಪಾತ್ರೆ, ಗಡಿಯಾರ. ಟ್ರಂಕಿನ ಒಂದು ಹಿಡಿಯನ್ನು ಅಕ್ಕ ಹಿಡಿದಳು, ಇನ್ನೊಂದನ್ನು ಇವಳು. ಹೊಸ್ತಿಲಲ್ಲಿ ಇಬ್ಬರೂ ಒಟ್ಟಿಗೆ ತಡೆದು, ಒಟ್ಟಿಗೆ ದಾಟಿದರು. ಎಲ್ಲವನ್ನೂ ಏರಿಸಿ ಹಗ್ಗ ಬಿಗಿದ ಮೇಲೆ ಗಾಡಿಯವನು ಕೈ ಒರೆಸಿಕೊಳ್ಳುತ್ತ ಇವಳ ಕಡೆ ತಿರುಗಿದ.

"ನೀವೂ ಹತ್ತಿ ಅಮ್ಮ, ಮುಂದೆ ಇಬ್ಬರಿಗೆ ಜಾಗ ಇದೆ."

ಮುಂದಿನ ಸೀಟಿನಲ್ಲಿ ಕೂತಿದ್ದ ಅಕ್ಕ ಅವನಿಗೆ, "ಇಲ್ಲಪ್ಪ, ಅವಳು ಬರಲ್ಲ. ಅವಳ ಮನೆ ಇದು" ಎಂದಳು. ದನಿ ಸಹಜವಾಗಿತ್ತು, ಯಾರಿಗಾದರೂ ದಾರಿ ಹೇಳುವಾಗಿನ ಹಾಗೆ. ಆಮೇಲೆ ಕಿಟಕಿಯಿಂದ ಕೈ ಚಾಚಿ ಇವಳ ಕೆನ್ನೆಗೆ ಅಂಟಿದ್ದ ಧೂಳನ್ನು ಹೆಬ್ಬೆರಳಿನಿಂದ ಒರೆಸಿದಳು. ಗಾಡಿ ಹೊರಟಿತು. ಇವಳು ಗೇಟು ಹಿಡಿದು ನಿಂತಿದ್ದಳು. ತಿರುವಿನಲ್ಲಿ ಮಂಚದ ಕಾಲು ಒಂದು ಸಲ ಕಂಡು ಮರೆಯಾಯಿತು.